ಮನ್ನದ ಅಳತೆ ಮತ್ತು ಜನಾಂಗಗಳ ಸಮಾಧಾನ

ಓದತಕ್ಕ ವೇದಭಾಗಗಳು: ವಿಮೋಚನಕಾಂಡ 16:14–24, 2 ಕೊರಿಂಥ 8:13–15, ನೆಹೆಮೀಯ 5:1–13, ಯೆಶಾಯ 32:17.

2020ನೇ ಇಸವಿಯಲ್ಲಿ ಲೋಕವನ್ನೆಲ್ಲಾ ಆವರಿಸಿದ ಕೊರೋನಾ ವ್ಯಾಧಿಯ ತುರ್ತು ಅಪಾಯವು ತೀರಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ನೇ ಮೇ 5ರಂದು ಸಾರಿತು. 2020, 2021 ಈ ಎರಡು ವರುಷಗಳಲ್ಲಿಯೇ ಆ ವ್ಯಾಧಿಯಿಂದಲೂ ಅದು ತಂದ ಇಕ್ಕಟ್ಟುಗಳಿಂದಲೂ ಸುಮಾರು 1 ಕೋಟಿ 49 ಲಕ್ಷ ಜನರು ವಾಡಿಕೆಗಿಂತ ಹೆಚ್ಚಾಗಿ ಸತ್ತರೆಂದು ಆ ಸಂಸ್ಥೆಯು ಅಂದಾಜು ಮಾಡಿದೆ. ಉಳಿದಿರುವ ನಾವು ದೇವರಿಗೆ ಸ್ತೋತ್ರ ಸಲ್ಲಿಸುವದು ಯುಕ್ತವೇ. ಆದರೆ ಸ್ತೋತ್ರದ ಸಂಗಡ ಒಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: ಬಿದ್ದವರೆಲ್ಲರೂ ಎದ್ದರೋ, ಇಲ್ಲವೆ ಬಲವುಳ್ಳವರು ಮಾತ್ರ ಎದ್ದರೋ? ಸಮಾಧಾನವು ನೀತಿಯೆಂಬ ಮರದಲ್ಲಿ ಬಿಡುವ ಫಲವೆಂದು ಪ್ರವಾದಿಯಾದ ಯೆಶಾಯನು ಬೋಧಿಸುತ್ತಾನೆ. ಮರವನ್ನು ನೆಡದೆ ಫಲಕ್ಕಾಗಿ ಪ್ರಾರ್ಥಿಸುವದು ವ್ಯರ್ಥ. ಆದದರಿಂದ ಈ ತಿಂಗಳ ಪಾಠದಲ್ಲಿ ಜನಾಂಗಗಳು ಆ ಸಂಕಟದಲ್ಲಿ ನಡೆದುಕೊಂಡ ರೀತಿಯನ್ನು ದೇವರ ವಾಕ್ಯದ ಅಳತೆಯಿಂದ ಅಳೆದು ನೋಡೋಣ.

1. ಓಮೆರಿನ ಅಳತೆ

ಅಡವಿಯಲ್ಲಿ ಹಸಿದಿದ್ದ ಇಸ್ರಾಯೇಲ್ಯರಿಗೆ ದೇವರು ಮನ್ನವನ್ನು ಕೊಟ್ಟಾಗ ಅದರ ಸಂಗಡ ಒಂದು ಅಳತೆಯನ್ನೂ ಕೊಟ್ಟನು. ತಲೆಗೆ ಒಂದು ಓಮೆರ್, ಅಷ್ಟೇ. ಕೈಬಲವುಳ್ಳವನು ಹೆಚ್ಚು ಕೂಡಿಸಿದನು, ಮುದುಕನು ಕಡಿಮೆ ಕೂಡಿಸಿದನು. ಆದರೆ ಅಳೆದು ನೋಡಿದಾಗ ಒಬ್ಬನಿಗೂ ಮಿಗಲಿಲ್ಲ, ಒಬ್ಬನಿಗೂ ಕೊರತೆಯಾಗಲಿಲ್ಲ. ನಾಳೆಗಿರಲಿ ಎಂದು ಬಚ್ಚಿಟ್ಟವರ ಪಾತ್ರೆಯಲ್ಲಿಯಾದರೋ ಹುಳಬಿದ್ದು ನಾತ ಹುಟ್ಟಿತು. ಸಬ್ಬತ್ ದಿನಕ್ಕಾಗಿ ದೇವರ ಅಪ್ಪಣೆಯಂತೆ ಇಟ್ಟುಕೊಂಡದ್ದು ಮಾತ್ರ ಕೆಡಲಿಲ್ಲ. ಹೀಗಿರಲಾಗಿ ಮುಂದಾಲೋಚನೆಯು ಪಾಪವಲ್ಲ. ನೆರೆಯವನ ಪಾಲನ್ನು ಸೇರಿಸಿ ಕೂಡಿಡುವದೇ ಪಾಪ.

2. ಕೂಡಿಟ್ಟದ್ದು ಕೆಟ್ಟುಹೋಯಿತು

ವ್ಯಾಧಿ ಹುಟ್ಟಿ ಒಂದು ವರುಷ ತುಂಬುವಷ್ಟರಲ್ಲಿ ದೇವರು ವಿದ್ವಾಂಸರಿಗೆ ಬುದ್ಧಿಕೊಟ್ಟು ಲಸಿಕೆಗಳು ಸಿದ್ಧವಾದವು. ಹಿಂದೆಂದೂ ಇಷ್ಟು ಬೇಗನೆ ಲಸಿಕೆ ದೊರೆತದ್ದಿಲ್ಲ. ಇದು ನಮ್ಮ ಕಾಲದ ಮನ್ನವೆಂದರೆ ತಪ್ಪಾಗದು. ಇದನ್ನು ಎಲ್ಲಾ ದೇಶಗಳಿಗೂ ಹಂಚುವದಕ್ಕಾಗಿ 2020ರಲ್ಲಿ ಕೋವ್ಯಾಕ್ಸ್ ಎಂಬ ಏರ್ಪಾಡು ಸಹ ಹುಟ್ಟಿತು.

ಆದರೆ ಧನವುಳ್ಳ ದೇಶಗಳು ಮೊದಲೇ ಹಣಕೊಟ್ಟು ಲಸಿಕೆಯನ್ನು ಕಾಯ್ದಿರಿಸಿಕೊಂಡವು. ಕೆನಡಾ ದೇಶವು ತನ್ನ ಜನರಿಗೆ ಬೇಕಾದದ್ದಕ್ಕಿಂತ ಹಲವು ಪಾಲು ಹೆಚ್ಚಾಗಿ ಗೊತ್ತುಮಾಡಿಕೊಂಡಿತ್ತು. 2021ನೇ ಜನವರಿ 18ರಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದ ಟೆಡ್ರೋಸ್ ಎಂಬವರು ಲೋಕದ ಮುಂದೆ ಒಂದು ಲೆಕ್ಕವನ್ನಿಟ್ಟರು. ಅನುಕೂಲವುಳ್ಳ 49 ದೇಶಗಳಲ್ಲಿ 3 ಕೋಟಿ 90 ಲಕ್ಷ ಡೋಸುಗಳನ್ನು ಹಾಕಿ ಆಗಿತ್ತು. ಅತಿ ಬಡ ದೇಶಗಳಲ್ಲಿ ಒಂದರಲ್ಲಿ ಮಾತ್ರ ಲಸಿಕೆ ಹಾಕಲ್ಪಟ್ಟಿತ್ತು, ಅದೂ 25 ಡೋಸುಗಳು. ಸಾವಿರವಲ್ಲ, ಲಕ್ಷವಲ್ಲ, ಇಪ್ಪತ್ತೈದೇ.

ಇನ್ನು ಹುಳಬಿದ್ದ ಮನ್ನದ ಮಾತು. 2021ನೇ ಮೇ ತಿಂಗಳಲ್ಲಿ ಆಫ್ರಿಕದ ಮಲಾವಿ ದೇಶದವರು ಅವಧಿ ಮೀರಿದ 19,610 ಡೋಸುಗಳನ್ನು ಸುಟ್ಟುಬಿಟ್ಟರು. ಕಾಲಾವಧಿ ಕೆಲವೇ ವಾರ ಉಳಿದಿರುವಾಗ ಅವು ಅಲ್ಲಿಗೆ ಮುಟ್ಟಿದ್ದವು. ಲಸಿಕೆಯ ವಿಷಯವಾದ ಪುಕಾರುಗಳಿಂದ ಜನರೂ ಹಿಂದೆಗೆದಿದ್ದರು. ಅದೇ ವರುಷದ ದಶಂಬರದಲ್ಲಿ ನೈಜೀರಿಯ ದೇಶವು 10 ಲಕ್ಷಕ್ಕೂ ಹೆಚ್ಚು ಡೋಸುಗಳನ್ನು ನಾಶಮಾಡಬೇಕಾಯಿತು. ಅವು ಪರದೇಶಗಳಿಂದ ದಾನವಾಗಿ ಬಂದವುಗಳೇ. ಆದರೆ ಅವಧಿ ತೀರುವ ಹೊತ್ತಿನಲ್ಲಿ ಬಂದವು. ಹಳಸಿದ ಮೇಲೆ ಬಡಿಸಿದ ಅನ್ನವನ್ನು ನಾವು ದಾನವೆಂದು ಕರೆಯುವೆವೋ?

ಕೋವ್ಯಾಕ್ಸ್ 2021ರ ಕೊನೆಯೊಳಗೆ 200 ಕೋಟಿ ಡೋಸುಗಳನ್ನು ಹಂಚಬೇಕೆಂದು ಯೋಚಿಸಿತ್ತು. ಆದರೆ 100 ಕೋಟಿಯ ಡೋಸು ಹೋದದ್ದೇ 2022ನೇ ಜನವರಿಯಲ್ಲಿ. 2023ರ ಕೊನೆಗೆ ಆ ಏರ್ಪಾಡು ಮುಗಿಯುವಾಗ 146 ದೇಶಗಳಿಗೆ ಸುಮಾರು 200 ಕೋಟಿ ಡೋಸುಗಳು ಮುಟ್ಟಿದ್ದವು. ಅದು ಚಿಕ್ಕ ಕಾರ್ಯವಲ್ಲ. ಅದರಿಂದ ಬಹು ಪ್ರಾಣಗಳು ಉಳಿದವು. ಆದರೆ ತಡವಾಗಿ ಬಂದ ಪಾಲಿಗಾಗಿ ಕಾದು ಸತ್ತವರು ತಿರಿಗಿ ಬಾರರು.

3. ಇಂದು ನೀನು, ನಾಳೆ ನಾನು

ಯೆರೂಸಲೇಮಿನ ಬಡ ಸಭೆಗಾಗಿ ಹಣ ಕೂಡಿಸುವಾಗ ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಇದೇ ಮನ್ನದ ಸಂಗತಿಯನ್ನು ನೆನಪಿಗೆ ತರುತ್ತಾನೆ. ಈಗ ನಿಮ್ಮ ಸಮೃದ್ಧಿಯು ಅವರ ಕೊರತೆಗೆ ಆಗಲಿ. ಮುಂದೆ ಅವರ ಸಮೃದ್ಧಿಯು ನಿಮ್ಮ ಕೊರತೆಗೆ ಒದಗುವದು ಎಂಬದು ಅವನ ಬೋಧನೆಯ ಸಾರ.

ಇದು ನಮ್ಮ ದೇಶದಲ್ಲಿಯೇ ಕಾಣಬಂತು. ಕೋವ್ಯಾಕ್ಸಿನಿಂದ ಹೊರಟ ಮೊದಲನೆಯ ಹೊರೆಯು 2021ನೇ ಫೆಬ್ರವರಿ 24ರಂದು ಘಾನಾ ದೇಶದ ಆಕ್ರಾ ಪಟ್ಟಣದಲ್ಲಿ ಇಳಿಯಿತು. ಆ 6 ಲಕ್ಷ ಡೋಸುಗಳು ನಮ್ಮ ಪುಣೆಯಲ್ಲಿ ತಯಾರಾದವುಗಳು. ಎರಡು ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಊರುಗಳಲ್ಲಿಯೇ ಪ್ರಾಣವಾಯುವಿಗಾಗಿ ಜನರು ಆಸ್ಪತ್ರೆಯ ಬಾಗಿಲಲ್ಲಿ ಅತ್ತರು. ನಮ್ಮ ಸರಕಾರವು ಲಸಿಕೆಯನ್ನು ಹೊರಗೆ ಕಳುಹಿಸುವದನ್ನು ನಿಲ್ಲಿಸಿತು. ಅದನ್ನೇ ನಂಬಿದ್ದ ಬಡ ದೇಶಗಳು ಬರಿಗೈಯಲ್ಲಿ ನಿಂತವು. ಆ ದಿನಗಳಲ್ಲಿ ಅನೇಕ ದೇಶಗಳು ನಮಗೆ ನೆರವಾದವು. ಅವುಗಳೊಳಗೆ ಆಫ್ರಿಕದ ಕೆನ್ಯ ದೇಶವು 12 ಟನ್ನು ಚಹಾ, ಕಾಫಿ, ನೆಲಗಡಲೆಗಳನ್ನು ಕಳುಹಿಸಿತು. ಕೆಲವರು ಇದನ್ನು ನೋಡಿ ನಕ್ಕರು. ಆದರೆ ಕಾಣಿಕೆ ಪೆಟ್ಟಿಗೆಯಲ್ಲಿ ಎರಡು ಕಾಸು ಹಾಕಿದ ವಿಧವೆಯನ್ನು ಮೆಚ್ಚಿದ ಕರ್ತನು ನಕ್ಕಿರಲಾರನು.

ಒಂದೇ ಬಾವಿಯನ್ನು ನಂಬಿದ ಊರು ಅದು ಬತ್ತಿದಾಗ ಬಾಯಾರುವದು. ಲಸಿಕೆ ಮಾಡುವ ವಿದ್ಯೆಯನ್ನು ಎಲ್ಲರಿಗೂ ಬಿಡಬೇಕೆಂದು ಭಾರತವೂ ದಕ್ಷಿಣ ಆಫ್ರಿಕವೂ 2020ನೇ ಅಕ್ಟೋಬರದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯನ್ನು ಬೇಡಿಕೊಂಡವು. 2022ನೇ ಜೂನಿನಲ್ಲಿ ದೊರೆತ ಉತ್ತರವು ಬೇಡಿದ್ದಕ್ಕಿಂತ ಬಹು ಕಿರಿದು. ಅನ್ನವನ್ನು ಕೊಡುವದು ಒಳ್ಳೆಯದು. ಬೀಜವನ್ನೂ ಕೊಡುವದು ಅದಕ್ಕಿಂತ ಒಳ್ಳೆಯದು.

4. ಗೋಡೆ ಕಟ್ಟುವವರ ಸಾಲ

ಯೆರೂಸಲೇಮಿನ ಗೋಡೆಯನ್ನು ತಿರಿಗಿ ಕಟ್ಟುತ್ತಿರುವಾಗ ಬಡವರ ಕೂಗು ನೆಹೆಮೀಯನ ಕಿವಿಗೆ ಬಿತ್ತು. ಬರಗಾಲದಲ್ಲಿ ಅವರು ಹೊಲಮನೆಗಳನ್ನು ಅಡವಿಟ್ಟಿದ್ದರು, ಮಕ್ಕಳನ್ನು ದಾಸತ್ವಕ್ಕೆ ಒಪ್ಪಿಸಿದ್ದರು. ಸಾಲ ಕೊಟ್ಟವರು ಸ್ವಂತ ಸಹೋದರರೇ. ನೆಹೆಮೀಯನು ಗೋಡೆ ಮುಗಿಯಲಿ, ಆಮೇಲೆ ನೋಡೋಣ ಎನ್ನಲಿಲ್ಲ. ತಾನೂ ತನ್ನವರೂ ಸಾಲ ಕೊಟ್ಟಿದ್ದನ್ನು ಮೊದಲು ಒಪ್ಪಿಕೊಂಡು, ಬಡ್ಡಿಯನ್ನು ಬಿಡಿಸಿ ಹೊಲಗಳನ್ನು ಹಿಂದಕ್ಕೆ ಕೊಡಿಸಿದನು.

ವ್ಯಾಧಿಯ ಕಾಲದಲ್ಲಿ ಇಪ್ಪತ್ತು ದೊಡ್ಡ ಅರ್ಥವ್ಯವಸ್ಥೆಗಳ ಕೂಟವಾದ ಜಿ-20, ಬಡ ದೇಶಗಳು ಸಲ್ಲಿಸಬೇಕಾದ ಸಾಲದ ಕಂತುಗಳನ್ನು 2020ನೇ ಮೇ ತಿಂಗಳಿಂದ 2021ರ ಕೊನೆಯ ವರೆಗೆ ತಡೆಹಿಡಿಯಿತು. 48 ದೇಶಗಳಿಗೆ ಸುಮಾರು 1,290 ಕೋಟಿ ಡಾಲರುಗಳ ಬಿಡುವು ದೊರೆಯಿತು. ಆದರೆ ಇದು ಮುಂದಕ್ಕೆ ಹಾಕಿದ ಸಾಲವೇ ಹೊರತು ಬಿಟ್ಟ ಸಾಲವಲ್ಲ. ಸಾಲಕೊಟ್ಟ ಖಾಸಗಿಯವರು ಬಹುಮಟ್ಟಿಗೆ ಸೇರಲಿಲ್ಲ. 2020ನೇ ನವಂಬರದಲ್ಲಿ ಕಂತು ಕಟ್ಟಲಾರದೆ ನಿಂತ ಜಾಂಬಿಯ ದೇಶಕ್ಕೆ ಸಾಲಕೊಟ್ಟ ಸರಕಾರಗಳು ಒಡಂಬಟ್ಟದ್ದು 2023ನೇ ಜೂನಿನಲ್ಲಿ.

5. ಕತ್ತಿಯು ನಿಂತ ದಿನಗಳು

2020ನೇ ಮಾರ್ಚಿ 23ರಂದು ವಿಶ್ವಸಂಸ್ಥೆಯ ಕಾರ್ಯದರ್ಶಿಯಾಗಿದ್ದ ಗುಟೆರೆಸ್ ಎಂಬವರು ಲೋಕದ ಎಲ್ಲಾ ಯುದ್ಧಗಳೂ ನಿಲ್ಲಲೆಂದು ಬೇಡಿಕೊಂಡರು. ಭದ್ರತಾ ಮಂಡಲಿಯು ಒಮ್ಮತಕ್ಕೆ ಬಂದು ಠರಾವು ಮಾಡಿದ್ದು ಜುಲಾಯಿ 1ರಂದು. ಅದೇ ನವಂಬರದಲ್ಲಿ ಇಥಿಯೋಪ್ಯದಲ್ಲಿಯೂ 2022ನೇ ಫೆಬ್ರವರಿಯಲ್ಲಿ ಯುಕ್ರೇನಿನಲ್ಲಿಯೂ ಹೊಸ ಸಂಹಾರಗಳು ಆರಂಭವಾದವು.

ಹಾಗಾದರೆ ಸಮಾಧಾನವು ಅಸಾಧ್ಯವೋ? ಅಲ್ಲ. ಮಧ್ಯ ಅಮೆರಿಕದ ಎಲ್ ಸಾಲ್ವಡೋರ್ ದೇಶದಲ್ಲಿ ಒಳಯುದ್ಧ ಉರಿಯುತ್ತಿದ್ದಾಗ, 1985ರಲ್ಲಿ ಮಕ್ಕಳಿಗೆ ಲಸಿಕೆ ಹಾಕುವದಕ್ಕಾಗಿ ಎರಡು ಪಕ್ಷದವರೂ ಮೂರು ದಿನ ಆಯುಧಗಳನ್ನು ಕೆಳಗಿಟ್ಟರು. ಯುದ್ಧವು 1992ರಲ್ಲಿ ಮುಗಿಯುವ ತನಕ ವರುಷ ವರುಷವೂ ಹಾಗೆಯೇ ಮಾಡಿದರು. ಶತ್ರುವಿನ ಮಗುವೂ ಮಗುವೇ ಎಂದು ಮೂರು ದಿನ ಒಪ್ಪಿಕೊಂಡವರು ನಾಲ್ಕನೆಯ ದಿನವೂ ಒಪ್ಪಿಕೊಳ್ಳಬಹುದು.

6. ಹೊಸ ಒಡಂಬಡಿಕೆಯೂ ನಮ್ಮ ಊರೂ

2025ನೇ ಮೇ 20ರಂದು ಜಿನೀವದಲ್ಲಿ ಲೋಕದ ದೇಶಗಳು ಮುಂದಿನ ಮಹಾವ್ಯಾಧಿಗಾಗಿ ಒಂದು ಒಡಂಬಡಿಕೆಯನ್ನು ಅಂಗೀಕರಿಸಿದವು. ಅದಕ್ಕೆ ಸೇರುವ ತಯಾರಕರು ತಮ್ಮ ಲಸಿಕೆ, ಔಷಧಗಳಲ್ಲಿ ಐದರಲ್ಲಿ ಒಂದು ಪಾಲನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಒದಗಿಸಬೇಕು. ಅದರಲ್ಲಿ ಅರ್ಧವಾದರೂ ಉಚಿತವಾಗಿರಬೇಕು ಎಂಬದು ಅದರೊಳಗಿನ ಯೋಚನೆ. ಹಂಚುವ ವಿಧಾನವನ್ನು ಮುಂದಿನ ಮಾತುಕತೆಗೆ ಅಂದು ಬಿಟ್ಟರು. ಓಮೆರಿನ ಅಳತೆಯನ್ನು ವ್ಯಾಧಿ ಬರುವದಕ್ಕಿಂತ ಮುಂಚೆಯೇ ಗೊತ್ತುಮಾಡುವದು ಜ್ಞಾನವೇ ಸರಿ. ಹಸಿವೆ ಬಂದ ಮೇಲೆ ಅಳತೆಯ ಮಾತು ಯಾರಿಗೂ ರುಚಿಸದು.

ಜಿನೀವವು ದೂರ, ನಮ್ಮ ಹಳ್ಳಿ ಹತ್ತಿರ. ಲಾಕ್‌ಡೌನಿನ ತಿಂಗಳುಗಳಲ್ಲಿ ಕೂಲಿ ತಪ್ಪಿ, ನಮ್ಮವರಲ್ಲಿಯೇ ಒಬ್ಬರ ಹತ್ತಿರ ಹೊಲವನ್ನೋ ಒಡವೆಯನ್ನೋ ಅಡವಿಟ್ಟವರು ಸಭೆಯಲ್ಲಿ ಇದ್ದಾರೋ? ಆ ಕಾಗದವು ಇಂದು ಕರ್ತನ ಮೇಜಿಗೆ ಬರುವ ಯಾರ ಪೆಟ್ಟಿಗೆಯಲ್ಲಿದೆ? ಆಗ ಶಾಲೆ ಬಿಟ್ಟ ಮಗು ತಿರಿಗಿ ಶಾಲೆಗೆ ಹೋಯಿತೋ? ಗಂಡನನ್ನು ಕಳಕೊಂಡವಳಿಗೆ ಸರಕಾರದ ಸಹಾಯ ಮುಟ್ಟಿತೋ, ಅರ್ಜಿ ಬರೆಯಬಲ್ಲವರು ಅವಳ ಮನೆಗೆ ಹೋದರೋ? ಜನಾಂಗಗಳ ತಪ್ಪನ್ನು ಎಣಿಸುವ ನಾಲಿಗೆಯು ಮೊದಲು ಈ ಪ್ರಶ್ನೆಗಳಿಗೆ ಉತ್ತರ ಕೊಡಲಿ. ಸಭೆಯಲ್ಲಿ ಹಿಡಿ ಅಕ್ಕಿ ಕೂಡಿಸುವ ವಾಡಿಕೆಯಿದ್ದರೆ ಅದರಿಂದ ಒಂದು ಪಾಲನ್ನು ವ್ಯಾಧಿಯ ಕಾಲಕ್ಕೆಂದು ಬೇರೆಯಿಡುವದೂ, ಅದು ಮತಭೇದವಿಲ್ಲದೆ ಊರವರಿಗೆಲ್ಲಾ ಸಲ್ಲುವದೆಂದು ಈಗಲೇ ನಿರ್ಣಯಿಸುವದೂ ನಮ್ಮ ಕೈಯಲ್ಲಿರುವ ಕೆಲಸ. ಇಷ್ಟನ್ನು ಮಾಡಿದ ಸಭೆಯು ಲೋಕದ ಸಮಾಧಾನಕ್ಕಾಗಿ ಪ್ರಾರ್ಥಿಸುವಾಗ ಆ ಪ್ರಾರ್ಥನೆಯಲ್ಲಿ ಬಲವಿರುವದು.

ಆಲೋಚಿಸತಕ್ಕ ಪ್ರಶ್ನೆಗಳು

1. ಕೂಡಿಟ್ಟ ಮನ್ನದಲ್ಲಿ ಸಬ್ಬತ್ತಿಗಾಗಿ ಇಟ್ಟದ್ದು ಮಾತ್ರ ಯಾಕೆ ಕೆಡಲಿಲ್ಲ?
2. ನೆಹೆಮೀಯನು ಇತರರನ್ನು ಗದರಿಸುವಾಗ ತನ್ನ ವಿಷಯದಲ್ಲಿ ಏನು ಒಪ್ಪಿಕೊಂಡನು?
3. ನಮ್ಮ ಊರಿನಲ್ಲಿ ಆ ವ್ಯಾಧಿಯಿಂದ ಬಿದ್ದು ಇನ್ನೂ ಏಳದವರು ಯಾರು? ಈ ತಿಂಗಳೊಳಗೆ ಅವರ ಮನೆಗೆ ಯಾರು ಹೋಗುವರು?