ಕಿವಿಯ ಗುಂಯ್ ಸದ್ದನ್ನು ಗೆಲ್ಲಲು ಹತ್ತು ಸೂತ್ರಗಳು

ಹೆಗ್ಗಡದೇವನಕೋಟೆಯ ಕಾಡಂಚಿನ ಹೊಲಗಳಲ್ಲಿ ರಾಗಿ ತೆನೆಗಟ್ಟಿತೆಂದರೆ ರಾತ್ರಿಯೆಲ್ಲ ಪಟಾಕಿ ಸದ್ದು. ಅಟ್ಟಣೆ ಮೇಲೆ ಕಾವಲು ಕೂತವರಿಗೆ ಆನೆ ಓಡಿಸಲು ಅದೇ ಆಯುಧ. ಹುಣಸೂರಿನಲ್ಲಿ ಸಾಮಿಲ್ಲು, ಕೆ.ಆರ್. ನಗರದಲ್ಲಿ ರೈಸ್‌ಮಿಲ್ಲು, ಪಿರಿಯಾಪಟ್ಟಣದ ಹೊಲಗಳಲ್ಲಿ ಟ್ರ್ಯಾಕ್ಟರು, ಎಲ್ಲ ಊರಲ್ಲೂ ಮೆರವಣಿಗೆಯ ಡಿಜೆ. ಕೆಲಸ ಮುಗಿಸಿ ದಿಂಬಿಗೆ ತಲೆಕೊಟ್ಟಾಗ ಶುರುವಾಗುತ್ತದೆ ಗೋಳು: “ಕಿವಿ ಗುಂಯ್ ಅಂತದೆ, ನಿಲ್ತಾನೇ ಇಲ್ಲ.” ವೈದ್ಯರು ಇದನ್ನು ಟಿನ್ನಿಟಸ್ ಎನ್ನುತ್ತಾರೆ. ಬಹಳಷ್ಟು ಜನರಿಗೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಇಳಿಯದೆ ಉಳಿದವರೂ ಕಂಗೆಡಬೇಕಿಲ್ಲ. ಸದ್ದು ಪೂರ್ತಿ ಹೋಗದಿದ್ದರೂ ಅದರ ಕಾಟವನ್ನು ಖಂಡಿತ ತಗ್ಗಿಸಬಹುದು.

1. ಮೊದಲ ಮೂರು ದಿನ ಕಳೆದುಕೊಳ್ಳಬೇಡಿ
ಸಿಡಿತದ ನಂತರ ಕಿವಿ ಮಂದವಾಗಿದ್ದರೆ ಮೂರು ದಿನದೊಳಗೆ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಿ. ಒಮ್ಮೆಲೇ ಇಳಿದ ಶ್ರವಣಕ್ಕೆ ಕೊಡುವ ಸ್ಟೀರಾಯ್ಡ್ ಔಷಧಿ ಬೇಗ ಶುರುವಾದಷ್ಟೂ ಒಳ್ಳೆಯದು. ತಲೆಸುತ್ತು, ಕಿವಿಯಿಂದ ರಕ್ತ ಅಥವಾ ಕೀವು, ಸೊಟ್ಟಗಾದ ಬಾಯಿ, ಒಂದೇ ಕಿವಿಯಲ್ಲಿ ಸದ್ದು, ನಾಡಿಬಡಿತದ ಲಯಕ್ಕೇ ಮಿಡಿಯುವ ಸದ್ದು ಇವುಗಳಲ್ಲಿ ಯಾವುದಿದ್ದರೂ ತಡ ಮಾಡಬೇಡಿ.

2. ಕಾರಣ ತಿಳಿಯಿರಿ, ಭಯ ಇಳಿಯುತ್ತದೆ
ಒಳಗಿವಿಯಲ್ಲಿ ಸುಮಾರು 15,000 ಕೂದಲುಕೋಶಗಳಿವೆ. ದೊಡ್ಡ ಸದ್ದಿಗೆ ಅವು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ಬರಬೇಕಾದ ಸಂಕೇತ ಕಡಿಮೆಯಾದಾಗ, ಸ್ಟೇಷನ್ ಸರಿಯಾಗಿ ಸಿಗದ ರೇಡಿಯೊದ ವಾಲ್ಯೂಮನ್ನು ನಾವು ಏರಿಸುವಂತೆ ಮಿದುಳೂ ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ. ನಿಮಗೆ ಕೇಳುವ ಗುಂಯ್ ಅದೇ. ಇದು ಹುಚ್ಚಿನ ಲಕ್ಷಣವಲ್ಲ, ಗಾಳಿ ಸೋಕಿದ್ದೂ ಅಲ್ಲ.

3. ಕಿವಿಗೆ ಏನನ್ನೂ ಹಾಕಬೇಡಿ
ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಕೋಳಿ ಪುಕ್ಕ, ಬೆಂಕಿಕಡ್ಡಿ, ಹೇರ್‌ಪಿನ್ನು ಯಾವುದೂ ಬೇಡ. ಸಿಡಿತಕ್ಕೆ ಕಿವಿಯ ತಮಟೆ ಹರಿದಿದ್ದರೆ ಎಣ್ಣೆಯಿಂದ ಸೋಂಕು ಒಳಗೇ ಇಳಿಯುತ್ತದೆ. ಗುಂಯ್ ಸದ್ದನ್ನು ಅಳಿಸಿಹಾಕುವ ಮಾತ್ರೆ ಈವರೆಗೂ ಬಂದಿಲ್ಲ. ಹಾಗೆಂದು ಮಾರುವವರಿಗೆ ದುಡ್ಡು ಸುರಿಯಬೇಡಿ.

4. ಕಿವಿಪರೀಕ್ಷೆ ಮಾಡಿಸಿ
ಸದ್ದಿನ ಪೆಟ್ಟು ಮೊದಲು ಬೀಳುವುದು 4,000 ಹರ್ಟ್ಸ್ ಆಸುಪಾಸಿನ ಶ್ರುತಿಗೆ. ಮಾತು ಕೇಳಿಸುತ್ತದೆ, ಆದರೆ ಸಂತೆಯ ಗದ್ದಲದಲ್ಲಿ ಅರ್ಥವಾಗುವುದಿಲ್ಲ. ಆಡಿಯೋಮೆಟ್ರಿಯ ಗೆರೆಯಲ್ಲಿ ಈ ತಗ್ಗು ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ತಾಲ್ಲೂಕುಗಳವರ ಅದೃಷ್ಟಕ್ಕೆ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. ಶ್ರವಣ ಕುಗ್ಗಿದ್ದರೆ ಶ್ರವಣಯಂತ್ರ ಹಾಕಿಕೊಳ್ಳಿ. ಹೊರಗಿನ ಸದ್ದು ಚೆನ್ನಾಗಿ ಕೇಳತೊಡಗಿದರೆ ಒಳಗಿನದು ಹಿಂದೆ ಸರಿಯುತ್ತದೆ.

5. ನೀರವದಲ್ಲಿ ಮಲಗಬೇಡಿ
ಸುತ್ತ ಸದ್ದಡಗಿದಷ್ಟೂ ಗುಂಯ್ ಜೋರು. ಫ್ಯಾನ್ ತಿರುಗಲಿ. ಇಲ್ಲವೇ ಮೈಸೂರು ಆಕಾಶವಾಣಿಯನ್ನು ಸಣ್ಣ ದನಿಯಲ್ಲಿ ಹಾಕಿಡಿ. ಹೊರಗಿನ ಸದ್ದು ಕಿವಿಯ ಗುಂಯ್‌ಗಿಂತ ತುಸು ಕೆಳಗೇ ಇರಲಿ. ಎರಡನ್ನೂ ಒಟ್ಟಿಗೆ ಕೇಳಿಸಿಕೊಂಡರೆ ಮಿದುಳು ಹೊಂದಿಕೊಳ್ಳಲು ಕಲಿಯುತ್ತದೆ. ಇಯರ್‌ಫೋನ್ ಹಾಕಿ ಜೋರಾಗಿ ಕೇಳುವುದು ಬೇಡವೇ ಬೇಡ.

6. ನಿದ್ದೆಗೆ ಪಾಳಿ ಹಾಕಿಕೊಳ್ಳಿ
ನಿದ್ದೆಗೆಟ್ಟ ಮರುದಿನ ಸದ್ದಿನ ಕಾಟ ಹೆಚ್ಚು. ಹೊಲ ಕಾಯುವ ಮನೆಗಳಲ್ಲಿ ಒಬ್ಬರೇ ವಾರವಿಡೀ ಅಟ್ಟಣೆ ಏರುವುದು ಬೇಡ, ಸರದಿ ಇರಲಿ. ನಿದ್ದೆಗಾಗಿ ಹೆಂಡಕ್ಕೆ ಕೈಹಾಕಬೇಡಿ. ಸಂಜೆಯ ಮೇಲೆ ಕಾಫಿ-ಟೀ ಕಡಿಮೆ ಮಾಡಿ.

7. ಗಳಿಗೆಗೊಮ್ಮೆ ಪರೀಕ್ಷಿಸಬೇಡಿ
“ಈಗ ಇದೆಯೇ?” ಎಂದು ಕಿವಿಗೊಟ್ಟಷ್ಟೂ ಅದು ಬೆಳೆಯುತ್ತದೆ. ಕೈಗೆ ಕೆಲಸ ಕೊಡಿ, ಜನರ ನಡುವೆ ಇರಿ. ಟಿನ್ನಿಟಸ್ ತರುವ ಸಂಕಟವನ್ನು ತಗ್ಗಿಸುವಲ್ಲಿ ಅತಿ ಹೆಚ್ಚು ಪುರಾವೆ ಇರುವುದು ಯೋಚನೆಯ ಜಾಡು ಬದಲಿಸುವ ಆಪ್ತಸಮಾಲೋಚನೆಗೆ. ಮನಸ್ಸು ತೀರ ಕುಗ್ಗಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

8. ಉಳಿದ ಶ್ರವಣವನ್ನು ಉಳಿಸಿಕೊಳ್ಳಿ
85 ಡೆಸಿಬಲ್ ಸದ್ದನ್ನು ಕಿವಿ ದಿನಕ್ಕೆ 8 ಗಂಟೆ ತಾಳೀತು. ಪ್ರತಿ 3 ಡೆಸಿಬಲ್ ಏರಿದಾಗಲೂ ಅವಧಿ ಅರ್ಧಕ್ಕರ್ಧ ಇಳಿಯುತ್ತದೆ. 100 ಡೆಸಿಬಲ್‌ಗೆ ಬರೀ 15 ನಿಮಿಷ. ಮರ ಕೊಯ್ಯುವ ಗರಗಸದ ಯಂತ್ರ ಅದನ್ನೂ ಮೀರುತ್ತದೆ. ಹತ್ತಿ ತುರುಕಿದರೆ ಸಾಲದು. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಮೆತ್ತನೆಯ ಫೋಮ್ ಇಯರ್‌ಪ್ಲಗ್ ಕೊಳ್ಳಿ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಪ್ಲಗ್ ಒಳಗಿಟ್ಟು, ಅದು ಉಬ್ಬಿ ಕೂರುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಸದ್ದು ನಿಂತ ಮೇಲೆ ತೆಗೆಯಿರಿ. ದಿನವಿಡೀ ಹಾಕಿಕೊಂಡರೆ ಸಣ್ಣ ಸದ್ದೂ ಸಹಿಸಲಾಗದಂತಾಗುತ್ತದೆ.

9. ದೂರವೇ ಅಗ್ಗದ ರಕ್ಷಣೆ
ಬಯಲಿನಲ್ಲಿ ಅಂತರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಡಿಜೆ ಗಾಡಿಯ ಸ್ಪೀಕರ್ ಮುಂದೆ ಕುಣಿಯುವುದು ಬೇಡ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲ್ಲಿ ನಿಲ್ಲುವುದಂತೂ ಬೇಡವೇ ಬೇಡ. ಪಟಾಕಿಯನ್ನು ಕೈಯಲ್ಲಿ ಹಿಡಿದು ಹಚ್ಚಬೇಡಿ. ಆನೆ ಬಂದಾಗ ಒಬ್ಬರೇ ನುಗ್ಗದೆ ಅರಣ್ಯ ಇಲಾಖೆಯವರನ್ನು ಕರೆಯಿರಿ.

10. ಕಾನೂನು ನಿಮ್ಮ ಕಡೆಗಿದೆ, ಬಳಸಿ
2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳ ಕೆಲವು ದಿನ ಮಾತ್ರ ಸರ್ಕಾರ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು. ಆಸ್ಪತ್ರೆ, ಶಾಲೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಮೀರಿದರೆ 112ಕ್ಕೆ ದೂರು ಕೊಡಿ. ಅದಕ್ಕಿಂತ ಮೊದಲು ಊರ ಯಜಮಾನರನ್ನೂ ಯುವಕ ಸಂಘದವರನ್ನೂ ಕೂರಿಸಿ ಮಾತಾಡಿ. ಅರ್ಧ ಜಗಳ ಅಲ್ಲೇ ಬಗೆಹರಿಯುತ್ತದೆ.

ಕಿವಿ ಗುಂಯ್ಗುಟ್ಟುವುದನ್ನು ನಮ್ಮ ಕಡೆ ಯಾರೂ ಕಾಯಿಲೆಯ ಲೆಕ್ಕಕ್ಕೇ ಇಡುವುದಿಲ್ಲ. ನೀವು ಇಡಿ. ವಾರ ಕಳೆದರೂ ಸದ್ದು ಉಳಿದಿದ್ದರೆ ಮೈಸೂರಿನ ಬಸ್ಸು ಹತ್ತಿ ಪರೀಕ್ಷೆ ಮಾಡಿಸಿ ಬನ್ನಿ. ಮುಂದಿನ ಜಾತ್ರೆಗೋ ಕಾವಲಿಗೋ ಹೊರಡುವಾಗ ಜೇಬಿನಲ್ಲಿ ಒಂದು ಜೊತೆ ಇಯರ್‌ಪ್ಲಗ್ ಇರಲಿ, ಮನೆಯ ಮಕ್ಕಳಿಗೂ ಒಂದೊಂದು ಜೊತೆ ಕೊಡಿಸಿ.