ನಿಂತ ಗಾಡಿಯ ಲೆಕ್ಕ

ಪುಣೆಯ ಕೋಥ್ರೂಡಿನಿಂದ ಹಿಂಜವಡಿಯ ಐಟಿ ಪಾರ್ಕಿಗೆ ಹೋಗಿಬರಲು ಸುಮಾರು 30 ಕಿಲೋಮೀಟರ್. ಪೆಟ್ರೋಲ್ ಸ್ಕೂಟರ್ ಲೀಟರಿಗೆ 45 ಕಿ.ಮೀ. ಕೊಡುತ್ತದೆ, ಪೆಟ್ರೋಲಿಗೆ 104 ರೂಪಾಯಿ ಎಂದುಕೊಂಡರೆ ಕಿಲೋಮೀಟರಿಗೆ 2 ರೂಪಾಯಿ 30 ಪೈಸೆ ಬೀಳುತ್ತದೆ. 3 ಕಿಲೋವ್ಯಾಟ್-ಅವರ್ ಬ್ಯಾಟರಿಯ ಎಲೆಕ್ಟ್ರಿಕ್ ಸ್ಕೂಟರನ್ನು ಪೂರ್ತಿ ತುಂಬಿಸಲು, ಚಾರ್ಜರಿನಲ್ಲಿ ಬಿಸಿಯಾಗಿ ಹೋಗುವುದನ್ನೂ ಸೇರಿಸಿ, ಮೂರೂವರೆ ಯೂನಿಟ್ ಬೇಕು. ವಿದ್ಯುತ್ ಕಂಪನಿ ಮಹಾವಿತರಣದ ಬಿಲ್ಲು ಸ್ಲ್ಯಾಬ್ ಹತ್ತಿದಂತೆಲ್ಲ ಏರುವುದರಿಂದ ಯೂನಿಟ್ಟಿಗೆ 10 ರೂಪಾಯಿ ಎಂದೇ ಹಿಡಿಯೋಣ. 35 ರೂಪಾಯಿಗೆ 85 ಕಿ.ಮೀ. ಓಡಿದರೆ ಕಿಲೋಮೀಟರಿಗೆ 40 ಪೈಸೆ. ತಿಂಗಳಿಗೆ 25 ದಿನ ಓಡಿಸುವವರಿಗೆ ಉಳಿಯುವುದು 1,425 ರೂಪಾಯಿ. ಇಷ್ಟರವರೆಗಿನ ಲೆಕ್ಕವನ್ನು ಷೋರೂಮಿನವರೇ ಹಾಕಿಕೊಡುತ್ತಾರೆ, ಅದರಲ್ಲಿ ಸುಳ್ಳೇನಿಲ್ಲ. ಆದರೆ ಈ ಹಣ ಉಳಿಯುವುದು ಗಾಡಿ ಓಡಿದ ದಿನ ಮಾತ್ರ. ಅದು ಸರ್ವಿಸ್ ಸೆಂಟರಿನಲ್ಲಿ ಬಿಡಿಭಾಗಕ್ಕೆ ಕಾಯುತ್ತ ನಿಂತ ದಿನ ಅದೇ 30 ಕಿಲೋಮೀಟರಿಗೆ ಆಟೋ ಹಿಡಿದರೆ, 2022ರ ಸೆಪ್ಟೆಂಬರಿನ ಪುಣೆ ಮೀಟರ್ ದರದಲ್ಲೇ (ಮೊದಲ ಒಂದೂವರೆ ಕಿ.ಮೀ.ಗೆ 25, ಆಮೇಲೆ ಕಿ.ಮೀ.ಗೆ 17 ರೂಪಾಯಿ) ಒಂದೇ ದಿನಕ್ಕೆ 510 ರೂಪಾಯಿ ಆಗುತ್ತದೆ. ಇಪ್ಪತ್ತು ದಿನ ನಿಂತರೆ 10,200. ಏಳು ತಿಂಗಳ ಉಳಿತಾಯ ಅಷ್ಟರಲ್ಲೇ ಕರಗಿತು.

ಬಸ್ಸಿದೆಯಲ್ಲ, ದಿನಾ ಆಟೋದಲ್ಲಿ ಯಾರು ಹೋಗುತ್ತಾರೆ ಎನ್ನಬಹುದು. ಬಸ್ಸು ಸಾಕಾಗುವವರಿಗೆ ಸ್ಕೂಟರೇ ಬೇಕಿರಲಿಲ್ಲ. ಈ ನಿಂತ ದಿನಗಳು ಈಗ ಮೊದಲಿಗಿಂತ ಭಾರವಾಗಲು ಇನ್ನೊಂದು ಕಾರಣವಿದೆ. 2021ರ ಜೂನಿನಲ್ಲಿ ಕೇಂದ್ರದ ಫೇಮ್ ಯೋಜನೆ ಬ್ಯಾಟರಿಯ ಪ್ರತಿ ಕಿಲೋವ್ಯಾಟ್-ಅವರಿಗೆ 15,000 ರೂಪಾಯಿ ಸಬ್ಸಿಡಿ ಕೊಡುತ್ತಿತ್ತು. 2023ರ ಜೂನಿನಲ್ಲಿ ಅದು 10,000ಕ್ಕೆ ಇಳಿಯಿತು, ಫೇಮ್ ನಂತರದ ಯೋಜನೆಗಳಲ್ಲಿ 2024ರಲ್ಲಿ 5,000, 2025ರ ಏಪ್ರಿಲಿನಲ್ಲಿ 2,500 ಆಯಿತು. ಅತ್ತ 2025ರ ಸೆಪ್ಟೆಂಬರಿನಲ್ಲಿ ಪೆಟ್ರೋಲ್ ಸ್ಕೂಟರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಬಂತು. ಎಲೆಕ್ಟ್ರಿಕ್ ಗಾಡಿಯದು ಶೇ 5ರಲ್ಲೇ ಇದೆ. ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿದ್ದ 80ಇಇಬಿ ವಿನಾಯಿತಿ 2023ರ ಮಾರ್ಚ್ 31ರ ನಂತರ ಮಂಜೂರಾದ ಸಾಲಗಳಿಗಿಲ್ಲ. (ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.) ಕೊಳ್ಳುವಾಗ ಸಿಗುತ್ತಿದ್ದ ಲಾಭ ಹೀಗೆ ಸವೆದಿರುವುದರಿಂದ, ಗಿಟ್ಟಬೇಕಾದ್ದು ಓಡಿಸುವಾಗಲೇ ಗಿಟ್ಟಬೇಕು.

ಪೆಟ್ರೋಲ್ ಗಾಡಿಯೂ ಕೆಡುತ್ತದೆ, ನಿಜ. ಅದಕ್ಕೇ ಹೆಚ್ಚು ಕೆಡುವ ಭಾಗಗಳಿವೆ: ಕಾರ್ಬನ್ ಕಟ್ಟಿದ ಪ್ಲಗ್ಗು, ಬದಲಿಸಬೇಕಾದ ಆಯಿಲ್ಲು. ಆದರೆ ಶನಿವಾರ ಪೇಟೆಯ ಗಲ್ಲಿಯ ಮೆಕ್ಯಾನಿಕ್ಕು ಅದನ್ನು ಸಂಜೆಯೊಳಗೆ ಕೈಗೆ ಕೊಡುತ್ತಾನೆ. ಎಲೆಕ್ಟ್ರಿಕ್ ಗಾಡಿಯ ಕಂಟ್ರೋಲರಿಗೆ ಅವನ ಹತ್ತಿರ ಸಾಫ್ಟ್‌ವೇರೂ ಇಲ್ಲ, ಬಿಡಿಭಾಗವೂ ಇಲ್ಲ. ವಿಚಿತ್ರವೆಂದರೆ, ಈ ಗಾಡಿಗಳನ್ನು ನಿಲ್ಲಿಸುವುದು ಎಷ್ಟೋ ಸಲ ಕಂಟ್ರೋಲರೇ ಅಲ್ಲ, ಪುಡಿ ಸಾಮಾನು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಪರದೆ ಬೆಳಗುವುದಿಲ್ಲ. ನಿಲ್ಲಿಸುವಾಗ ಪೂರ್ತಿ ಚಾರ್ಜಾಗಿತ್ತು. ದೊಡ್ಡ ಬ್ಯಾಟರಿ ಸತ್ತಿತೆಂದು ಮನೆಯವರೆಲ್ಲ ಗಾಬರಿಯಾಗುತ್ತಾರೆ. ಆದರೆ ಕೆಲವು ಮಾದರಿಗಳಲ್ಲಿ ಪರದೆ, ದೀಪ, ರಿಲೇಗಳಿಗೆ ಬೇರೆಯದೇ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇರುತ್ತದೆ, ಗಾಡಿ ವಾರಗಟ್ಟಲೆ ನಿಂತರೆ ಅದು ಬರಿದಾಗುತ್ತದೆ. ಇನ್ನೊಂದು: ಪರದೆ ಬೆಳಗುತ್ತದೆ, ಆಕ್ಸಿಲರೇಟರ್ ತಿರುಗಿಸಿದರೆ ಗಾಡಿ ಕದಲುವುದಿಲ್ಲ. ಹಿಂದೆ ಹೋಗಿ ನೋಡಿ. ಬ್ರೇಕ್ ಹಿಡಿಯದಿದ್ದರೂ ಬ್ರೇಕ್ ದೀಪ ಉರಿಯುತ್ತಿದ್ದರೆ ಲಿವರಿನ ಸ್ವಿಚ್ಚು ಸಿಕ್ಕಿಕೊಂಡು ಮೋಟಾರಿಗೆ ಕರೆಂಟು ತಡೆಯುತ್ತಿದೆ. ಮಳೆಗಾಲದಲ್ಲಿ ಕೆಸರು ಮೆತ್ತಿದ ಸೈಡ್ ಸ್ಟ್ಯಾಂಡ್ ಸೆನ್ಸರೂ ಇದೇ ಆಟವಾಡುತ್ತದೆ. ಚಾರ್ಜ್ ನಡುವೆಯೇ ನಿಲ್ಲುತ್ತಿದ್ದರೆ ಗೋಡೆಯ ಸಾಕೆಟ್ ಮುಟ್ಟಿ ನೋಡಿ: ಬಿಸಿಯಾಗಿದ್ದರೆ, ತೂತಿನ ಸುತ್ತ ಕಪ್ಪಾಗಿದ್ದರೆ ರಿಪೇರಿ ಬೇಕಾದ್ದು ಗೋಡೆಗೆ. ಇಷ್ಟು ತಿಳಿದಿದ್ದರೆ ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸುವುದು ಎಷ್ಟೋ ಸಲ ತಪ್ಪುತ್ತದೆ. ದೊಡ್ಡ ಬ್ಯಾಟರಿಯನ್ನು ಮಾತ್ರ ಬಿಚ್ಚಲು ಹೋಗಬಾರದು. ಪ್ರಾಣಕ್ಕೂ ಅಪಾಯ, ವಾರಂಟಿಗೂ.

ಆ ದೊಡ್ಡ ಬ್ಯಾಟರಿಯ ಬಗ್ಗೆ ಜನಕ್ಕಿರುವ ಭಯ, ನನಗನಿಸುವಂತೆ, ಅಳತೆ ಮೀರಿದ್ದು. ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ ಒಂದೇ ದಿನ ಸಾಯುವುದಿಲ್ಲ, ಸೊರಗುತ್ತದೆ. 85 ಕಿ.ಮೀ. ಓಡುತ್ತಿದ್ದದ್ದು ಕೆಲವು ವರ್ಷಗಳಲ್ಲಿ 60ಕ್ಕೆ ಇಳಿದರೂ ಹಿಂಜವಡಿಗೆ ಹೋಗಿಬರಲು ಇನ್ನೂ ಎರಡು ಪಟ್ಟು ಉಂಟು. ಬೆಂಕಿಯ ಭಯ ಹುಸಿಯಲ್ಲ: 2022ರ ಮಾರ್ಚಿನಲ್ಲಿ ಇದೇ ಪುಣೆಯ ಲೋಹಗಾಂವಿನಲ್ಲಿ ರಸ್ತೆಬದಿ ನಿಂತ ಸ್ಕೂಟರೊಂದು ಹೊತ್ತಿ ಉರಿದ ವಿಡಿಯೊವನ್ನು ದೇಶವೇ ನೋಡಿತು. ಅಂಥ ಘಟನೆಗಳ ನಂತರವೇ ಎಐಎಸ್-156 ಎಂಬ ಬ್ಯಾಟರಿ ಸುರಕ್ಷತಾ ಮಾನದಂಡವನ್ನು ಬಿಗಿಮಾಡಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಎಂಬ ಎರಡು ಹಂತಗಳಲ್ಲಿ ಜಾರಿಗೆ ತಂದರು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ತಿಂಗಳುಗಳನ್ನು ನೆನಪಿಟ್ಟುಕೊಂಡು ಗಾಡಿ ತಯಾರಾದ ದಿನಾಂಕ ನೋಡಬೇಕು. ನೀರಿನ ಮಾತು ಬೇರೆ. 2024ರ ಜುಲೈನಲ್ಲಿ ಖಡಕವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾನಗರಿಯ ಪಾರ್ಕಿಂಗುಗಳು ಮುಳುಗಿದವು. ಅಂಥ ತಗ್ಗಿನಲ್ಲಿರುವವರು ಬರೀ ಥರ್ಡ್ ಪಾರ್ಟಿ ವಿಮೆ ಮಾಡಿಸಿ ಕೂರುವಂತಿಲ್ಲ. ಮರುಮಾರಾಟದ ಬೆಲೆ ಕಡಿಮೆ ಎಂಬ ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ. ಐದು ವರ್ಷದ ನಂತರ ಗಾಡಿಯ ಬೆಲೆ ಸೊನ್ನೆ ಎಂದು ಬರೆದುಕೊಂಡೇ ಲೆಕ್ಕ ಹಾಕಿ.

ಹಾಗಾದರೆ ಹಣವನ್ನು ಎಲ್ಲಿ ಹಾಕಬೇಕು? ದಿನಕ್ಕೆ 30 ಕಿ.ಮೀ. ಓಡಿಸುವವರು 150 ಕಿ.ಮೀ. ಓಡುವ ದೊಡ್ಡ ಬ್ಯಾಟರಿಗೆ ಕೊಡುವ ಹೆಚ್ಚಿನ ದುಡ್ಡು ಗಾಡಿಯೊಳಗೆ ಸುಮ್ಮನೆ ಮಲಗಿರುತ್ತದೆ. ಸಣ್ಣ ಬ್ಯಾಟರಿ, ಮನೆಯಿಂದ ಐದಾರು ಕಿಲೋಮೀಟರಿನೊಳಗೆ ಸರ್ವಿಸ್, ಇದು ನನ್ನ ಆಯ್ಕೆ. ಕಾರ್ಖಾನೆ ಹತ್ತಿರವಿದ್ದರೆ ಸಾಕು ಎಂದುಕೊಳ್ಳಬೇಡಿ: ಬಜಾಜ್ ಆಟೋ ಇರುವುದು ಇಲ್ಲೇ ಆಕುರ್ಡಿಯಲ್ಲಿ, ಅದರ ಎಲೆಕ್ಟ್ರಿಕ್ ಚೇತಕ್ 2020ರ ಜನವರಿಯಲ್ಲಿ ಮೊದಲು ಮಾರಾಟಕ್ಕೆ ಬಂದದ್ದೇ ಪುಣೆ ಮತ್ತು ಬೆಂಗಳೂರಿನಲ್ಲಿ, ಆದರೂ ಯಾವುದೇ ಕಂಪನಿಯ ಗಾಡಿಗೆ ಮುಖ್ಯವಾಗುವುದು ನಿಮ್ಮ ಬಡಾವಣೆಯ ಸರ್ವಿಸ್ ಸೆಂಟರಿನ ಅಂಗಳವೇ. ಕೊಳ್ಳುವ ಮುಂಚೆ ಸೋಮವಾರ ಬೆಳಿಗ್ಗೆ ಅಲ್ಲಿಗೆ ಹೋಗಿ ನಿಂತ ಗಾಡಿಗಳ ಸೀಟನ್ನು ನೋಡಿ. ಎಷ್ಟರ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳಿದೆ, ಎಣಿಸಿಕೊಳ್ಳಿ.