ಮಲೆನಾಡಿನ ಹಸೆ ಚಿತ್ತಾರ – ಒಂದು ಪರಿಚಯ

ಚಿತ್ರಕಲೆ ಎಂದೊಡನೆ ನಮ್ಮ ನೆನಪಿಗೆ ಬರುವುದು ಅರಮನೆಯ ಭಿತ್ತಿಚಿತ್ರಗಳು, ಚಿನ್ನದ ರೇಕು ಹಚ್ಚಿದ ಮೈಸೂರು ಶೈಲಿಯ ಪಟಗಳು. ರಾಜಾಶ್ರಯದ ಹಂಗಿಲ್ಲದೆ, ಅಡುಗೆಮನೆಯ ಅಕ್ಕಿಯಿಂದಲೂ ಅಂಗಳದ ಮಣ್ಣಿನಿಂದಲೂ ಹುಟ್ಟಿ ಬೆಳೆದ ಕಲೆಯೊಂದು ಕನ್ನಡ ನಾಡಿನಲ್ಲಿದೆ. ಅದೇ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಸೀಮೆಯ ದೀವರ ಮನೆಗಳ ಚಿತ್ತಾರ. ನಿವೃತ್ತಿಯ ಬಳಿಕ ಆ ಸೀಮೆಯಲ್ಲಿ ಸಂಚರಿಸಿದಾಗ ನಾನು ಕಂಡು ಕೇಳಿ ತಿಳಿದುದನ್ನು ಈ ಸುವರ್ಣ ಸಂಚಿಕೆಯ ಓದುಗರ ಮುಂದಿಡುತ್ತಿದ್ದೇನೆ.

ಹಿನ್ನೆಲೆ

ದೀವರು ಭತ್ತದ ಬೇಸಾಯಗಾರರು. ಗೇಣಿ ಪದ್ಧತಿಯ ಅನ್ಯಾಯದ ವಿರುದ್ಧ 1951ರಲ್ಲಿ ನಡೆದ ಕಾಗೋಡು ಸತ್ಯಾಗ್ರಹದಲ್ಲಿ ಮುಂದೆ ನಿಂತವರು ಈ ಜನರೇ. ಹಗಲೆಲ್ಲ ನಾಟಿ, ಕೊಯ್ಲುಗಳಲ್ಲಿ ದುಡಿಯುವ ಹೆಂಗಸರ ಕೈಗಳೇ ಬಿಡುವಿನಲ್ಲಿ ಚಿತ್ತಾರ ಬರೆಯುತ್ತವೆ. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದ ವಿದ್ಯೆಯಿದು.

ಮದುವೆಯಲ್ಲಿ ವಧೂವರರನ್ನು ಕುಳ್ಳಿರಿಸುವ ಹಸೆಯ ಹಿಂದಿನ ಗೋಡೆಯೇ ಹಸೆಗೋಡೆ. ಅಲ್ಲಿ ಬರೆಯುವುದು ಹಸೆ ಚಿತ್ತಾರ. ಆಶ್ವಯುಜ ಮಾಸದ ಭೂಮಿ ಹುಣ್ಣಿಮೆಯಂದು ಬುಟ್ಟಿಯ ಮೇಲೂ ಚಿತ್ತಾರ ಮೂಡುತ್ತದೆ. ತೆನೆಗಟ್ಟುವ ಭತ್ತದ ಗದ್ದೆಯನ್ನು ಬಸುರಿಯೆಂದು ಭಾವಿಸಿ, ಅವಳ ಬಯಕೆಯ ಅಡುಗೆಯನ್ನು ಆ ಬುಟ್ಟಿಯಲ್ಲಿಟ್ಟು ಗದ್ದೆಗೆ ಒಯ್ದು ಪೂಜಿಸುತ್ತಾರೆ.

ಬಣ್ಣ ಮತ್ತು ರೇಖೆ

ಬಣ್ಣಗಳು ನಾಲ್ಕೇ. ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಕಪ್ಪಾಗುವವರೆಗೆ ಹುರಿದು ಅರೆದ ಅಕ್ಕಿಯಿಂದ ಕಪ್ಪು, ಕೆಮ್ಮಣ್ಣಿನಿಂದ ಕೆಂಪು, ಗುರಿಗೆ ಕಾಯಿಯಿಂದ ಹಳದಿ. ಪುಂಡಿ ನಾರೇ ಕುಂಚ.

ಈ ಶೈಲಿಯ ಜೀವಾಳ ‘ಎಳೆ’, ಅಂದರೆ ನೇರ ಗೆರೆ. ಅಳತೆಪಟ್ಟಿಯ ನೆರವಿಲ್ಲದೆ, ಕಣ್ಣಳತೆಯಿಂದಲೇ ಒಂದರ ಪಕ್ಕದಲ್ಲೊಂದು ಎಳೆಗಳನ್ನೆಳೆದು ಚೌಕಟ್ಟು ಕಟ್ಟುತ್ತಾರೆ. ಒಳಗೆ ತೇರು, ದಂಡಿಗೆ, ಬಾಸಿಂಗ, ಭತ್ತದ ತೆನೆ, ಹಕ್ಕಿಗಳು. ತ್ರಿಕೋನಗಳಿಂದ ರಚಿಸಿದ ವಧೂವರರು. ಒಕ್ಕಲು ಬಾಳಿನ ಸಮೃದ್ಧಿಯ ಹಾರೈಕೆಯೆಲ್ಲ ಆ ಗೋಡೆಯ ಮೇಲಿರುತ್ತದೆ. ಬರೆದವಳ ಹೆಸರು ಮಾತ್ರ ಇರುವುದಿಲ್ಲ.

ಅಳಿಸಿ ಬರೆಯುವ ಕಲೆ

ಗಮನಿಸತಕ್ಕ ಸಂಗತಿಯೆಂದರೆ, ಗೋಡೆಯ ಚಿತ್ತಾರ ಶಾಶ್ವತವಲ್ಲ. ಮಣ್ಣಿನ ಗೋಡೆಗೆ ಹೊಸದಾಗಿ ಕೆಮ್ಮಣ್ಣು ಬಳಿದಾಗ ಹಳೆಯದು ಮರೆಯಾಗುತ್ತದೆ. ಮುಂದಿನ ಶುಭಕಾರ್ಯಕ್ಕೆ ಮತ್ತೆ ಬರೆಯಬೇಕು. ಇಂತಹ ರೂಢಿ ಬೇರೆಡೆಯೂ ಉಂಟು. ಕೇರಳದಲ್ಲಿ ನಾವು ಕಾಣುವ ಕಳಮೆಳುತ್ತಿನಲ್ಲಿ, ಐದು ಬಣ್ಣದ ಪುಡಿಗಳಿಂದ ಬಿಡಿಸಿದ ದೇವರ ರೂಪವನ್ನು ಆಚರಣೆಯ ಕೊನೆಗೆ ಅಳಿಸಿಬಿಡುತ್ತಾರೆ. ಚೀನಾ ದೇಶದಲ್ಲಿ ಹೊಸವರ್ಷಕ್ಕೆ ಬಾಗಿಲಿಗೆ ಹಚ್ಚುವ ದ್ವಾರಪಾಲಕರ ಚಿತ್ರಗಳನ್ನೂ ವರ್ಷ ಕಳೆದೊಡನೆ ಹೊಸದಾಗಿಸುತ್ತಾರೆ. ಇಂತಹ ಕಲೆ ಉಳಿಯುವುದು ಗೋಡೆಯಲ್ಲಿ ಅಲ್ಲ, ಬರೆಯುವ ಕೈಯಲ್ಲಿ. ಒಂದು ತಲೆಮಾರು ಬರೆಯದಿದ್ದರೆ ನೋಡಿ ಕಲಿಯಲು ಮುಂದಿನವರಿಗೆ ಏನೂ ಉಳಿಯದು.

ಇಂದಿನ ಸ್ಥಿತಿ

ಸಿಮೆಂಟಿನ ಗೋಡೆಗಳೂ ಅಂಗಡಿಯ ಬಣ್ಣಗಳೂ ಬಂದ ಮೇಲೆ ಹಸೆಗೋಡೆಗಳು ವಿರಳವಾದವು. ಕಾಗದ, ಬಟ್ಟೆ, ಹಲಗೆಗಳ ಮೇಲೆ ಬರೆದ ಚಿತ್ತಾರವೀಗ ಪಟ್ಟಣದ ಮನೆಗಳನ್ನು ಅಲಂಕರಿಸುತ್ತಿದೆ. ಕಲಾವಿದರಿಗೆ ಇದರಿಂದ ದೊರೆಯುವ ಆದಾಯ, ಮನ್ನಣೆ ಸಂತೋಷದ ವಿಷಯವೇ. ಆದರೆ ಮಾರುವ ಪಟ ಹೆಚ್ಚಿ, ಮನೆಯಲ್ಲಿ ಬರೆಯುವ ವಾಡಿಕೆ ನಿಂತರೆ, ಯಾವ ಎಳೆಗೆ ಯಾವ ಹೆಸರು, ಬರೆಯುವಾಗ ಹಾಡುವ ಹಾಡು ಯಾವುದು ಎಂಬ ತಿಳಿವಳಿಕೆ ಹಿರಿಯರೊಂದಿಗೇ ಹೋದೀತು.

ನಮ್ಮ ಪಾಲಿನ ಕೆಲಸ

ತೃಶ್ಶಿಲೇರಿಯಲ್ಲಿ ಗದ್ದೆಯಿದೆ, ಅಕ್ಕಿಯಿದೆ, ಕೆಮ್ಮಣ್ಣಿದೆ. ಚಿತ್ತಾರದ ಅಭ್ಯಾಸಕ್ಕೆ ದುಬಾರಿ ಸಾಮಗ್ರಿ ಬೇಡ. ಮಕ್ಕಳು ಮೊದಲು ಎರಡು ಸಮಾನ ಎಳೆಗಳನ್ನು ಎಳೆಯಲಿ. ಬಳಿಕ ಚೌಕ, ತೆನೆ, ತೇರು. ಕೈ ಸ್ಥಿರವಾಗುತ್ತದೆ, ರೇಖಾಗಣಿತವೂ ಮನಸ್ಸಿಗೆ ಇಳಿಯುತ್ತದೆ.

ಕನ್ನಡದಲ್ಲಿ ಅಕ್ಷರಕ್ಕೂ ಚಿತ್ತಾರಕ್ಕೂ ‘ಬರೆಯುವುದು’ ಎಂಬ ಒಂದೇ ಮಾತಿದೆ. ಗಡಿಯಾಚೆ ಬಾಳುವ ನಮ್ಮ ಪಾಲಿಗೆ ಎರಡರ ಗತಿಯೂ ಒಂದೇ. ದಿನವೂ ಬರೆದರೆ ಉಂಟು, ಬಿಟ್ಟರೆ ಇಲ್ಲ. ಹಳೆಯ ವಿದ್ಯಾರ್ಥಿಗಳು ತಂತಮ್ಮ ಮನೆಗಳ ಹಿರಿಯರಿಂದ ಇಂತಹ ವಿದ್ಯೆಗಳನ್ನು ಕೇಳಿ ಕಲಿತು ಮಕ್ಕಳಿಗೆ ದಾಟಿಸಲಿ ಎಂದು ಹಾರೈಸುತ್ತೇನೆ.